ನೀರು ನಿಲ್ಲದ ಕೊಳ

ಫಿಲ್ಟರಣ್ಣ ತನ್ನ ಜೀವಮಾನದಲ್ಲಿ ಕೊಚ್ಚಿಕೊಂಡ ಅತಿ ದೊಡ್ಡ ಜಂಬ ಒಂದು ತಾವರೆ ಕೊಳದ್ದು. ಬಾಯಿಗೆ ಬಂತು, ಹೇಳಿಬಿಟ್ಟ. ಊರು ಆಳುವವರೂ ದಿನಬೆಳಗಾದರೆ ಇಂಥದ್ದನ್ನು ಹೇಳುತ್ತಲೇ ಇರುತ್ತಾರೆ. ಅವರಿಗೂ ಇವನಿಗೂ ಇರುವ ವ್ಯತ್ಯಾಸ ಇಷ್ಟೇ: ಅವರು ಹೇಳಿ ಕೈ ತೊಳೆದುಕೊಳ್ಳುತ್ತಾರೆ, ಇವನು ಹೇಳಿ ಹಾರೆ ಹಿಡಿದ. ಕಥೆಯನ್ನು ಅವರ ಬಗ್ಗೆ ಬರೆಯದೆ ಇವನ ಬಗ್ಗೆ ಬರೆಯಬೇಕಾಗಿ ಬಂದದ್ದೂ ಅದಕ್ಕೇ.

ಹೆಗಲಿಗೊಂದು ಚೀಲ ನೇತುಹಾಕಿಕೊಂಡು ಮನೆಮನೆಗೆ ಹೋಗಿ ಕುಡಿಯುವ ನೀರಿನ ಫಿಲ್ಟರ್ ರಿಪೇರಿ ಮಾಡುವುದು ಅವನ ಕಸುಬು. ಚೀಲದಲ್ಲಿ ಇದ್ದಿಲಿನ ಪುಡಿ, ತೊಳೆದ ಮರಳು, ಒಂದೆರಡು ಸೋಸುವ ಕ್ಯಾಂಡಲ್, ನಟ್ಟು ಬಿಚ್ಚುವ ಪಾನಾ, ಹಲ್ಲುಜ್ಜುವ ಹಳೆಯ ಬ್ರಷ್ಷು. ಎಂಥ ಕೆಸರು ನೀರು ಕೊಟ್ಟರೂ ಕನ್ನಡಿಯಂತೆ ಮಾಡಿಕೊಡುತ್ತೇನೆ ಎಂಬುದು ಅವನ ಹೆಮ್ಮೆ. ಗಿರಾಕಿಗಳೆಲ್ಲ ಮೇಲಿನ ಬಡಾವಣೆಯವರು. ಅವನಿದ್ದದ್ದು ಕೆಳಗಿನ ಬೀದಿಯಲ್ಲಿ. ಕೆಳಗಿನ ಬೀದಿಯವರು ನೀರನ್ನು ಸೋಸುವ ಗೋಜಿಗೆ ಹೋಗುತ್ತಿರಲಿಲ್ಲ. ಮಳೆಗಾಲ ಬಂತೆಂದರೆ ಅವರಿಗೆ ಕುಡಿಯುವ ನೀರಿಗಿಂತ ಮನೆಯಿಂದ ಎತ್ತಿ ಚೆಲ್ಲುವ ನೀರೇ ಹೆಚ್ಚು.

ಕಾರಣ ಸರಳ. ಮೇಲಿನ ಬಡಾವಣೆಯಲ್ಲಿ ಮಣ್ಣು ಎಂಬುದು ಹೂಕುಂಡದಲ್ಲಿ ಮಾತ್ರ ಉಳಿದಿತ್ತು. ಅಂಗಳ, ಕಾಂಪೌಂಡು, ಫುಟ್‌ಪಾತು, ಪಾರ್ಕಿನ ದಾರಿ, ಕಡೆಗೆ ಮರದ ಬುಡಕ್ಕೂ ಟೈಲ್ಸು. ಮೇಲಿನಿಂದ ಬಿದ್ದ ಮಳೆಯನ್ನು ಬಾಗಿಲಿಗೆ ಬಂದ ಭಿಕ್ಷುಕನಂತೆ 'ಮುಂದಕ್ಕೆ ಹೋಗಪ್ಪ' ಎಂದು ಅಲ್ಲಿನವರು ಇಳಿಜಾರಿಗೆ ತಳ್ಳುತ್ತಿದ್ದರು. ಇಳಿಜಾರಿನ ಕೊನೆಯಲ್ಲಿ ಕೆಳಗಿನ ಬೀದಿ, ಬೀದಿಯ ಕೊನೆಯಲ್ಲಿ ಫಿಲ್ಟರಣ್ಣನ ಮನೆ. ನೀರಿಗೆ ಬಡವ ಬಲ್ಲಿದನೆಂಬ ಭೇದವಿಲ್ಲ ಎಂದು ಭಾಷಣ ಮಾಡುವವರು ಸಾಮಾನ್ಯವಾಗಿ ಎತ್ತರದಲ್ಲಿ ನಿಂತು ಮಾಡುತ್ತಾರೆ. ಕೆಳಗೆ ನಿಂತವರಿಗೆ ನೀರಿನ ರಾಜಕೀಯ ಮೊಣಕಾಲಿನ ತನಕ ಅರ್ಥವಾಗಿರುತ್ತದೆ.

ಆ ಟೈಲ್ಸನ್ನೆಲ್ಲ ಹಾಸಿದ ಗುತ್ತಿಗೆದಾರ ಹೊರಗಿನವನೇನಲ್ಲ, ಫಿಲ್ಟರಣ್ಣನ ಷಡ್ಡಕನೇ. ಹೆಂಡತಿಯ ಅಕ್ಕನ ಗಂಡ. ಹೆಂಡತಿ ಭಾವ ಎನ್ನುತ್ತಾಳೆಂದು ಇವನೂ ಭಾವ ಎನ್ನುತ್ತಿದ್ದ. ಬೀದಿಯವರು ಟೈಲ್ಸ್ ಭಾವ ಎನ್ನುತ್ತಿದ್ದರು. ಒಂದು ದಿನ ಈ ಟೈಲ್ಸ್ ಭಾವ ತನ್ನ ಮನೆಯಲ್ಲಿ ಕಟ್ಟಿಸಿದ ಹೊಸ ಕೊಳ ನೋಡಲು ಬನ್ನಿ ಎಂದು ಎಲ್ಲರನ್ನೂ ಊಟಕ್ಕೆ ಕರೆದ. ಫಿಲ್ಟರಣ್ಣನಿಗೆ ಮಾತ್ರ, "ಹಾಗೇ ಚೀಲಾನೂ ತಗೊಂಡ್ ಬಾ ತಮ್ಮಾ" ಅಂದಿದ್ದ. ನಂಟಸ್ತನಕ್ಕೆ ನಂಟಸ್ತನವೂ ಆಯಿತು, ಕೊಳದ ಫಿಲ್ಟರ್ ತೊಳೆದಂತೆಯೂ ಆಯಿತು.

ನೀಲಿ ಟೈಲ್ಸಿನ ಕೊಳ. ಗುಂಡಿ ಒತ್ತಿದರೆ ಕಾರಂಜಿ. ಊಟ ಮುಗಿದ ಮೇಲೆ ಭಾವ ಕೊಳದ ಕಟ್ಟೆಯ ಮೇಲೆ ಕುಳಿತು ಅತ್ತೆಯ ಕಡೆ ತಿರುಗಿದ. ಅತ್ತೆ ಇಬ್ಬರಿಗೂ ಅತ್ತೆಯೇ, ಆದರೆ ಇದ್ದದ್ದು ಕಿರಿಯಳಿಯನ ಜೊತೆ; ಅಥವಾ ಇನ್ನೂ ಸರಿಯಾಗಿ ಹೇಳುವುದಾದರೆ ಕಿರಿಯಳಿಯನೇ ಅತ್ತೆಯ ಜೊತೆ ಇದ್ದ. ಕೆಳಗಿನ ಬೀದಿಯ ಮನೆ ಅವರ ಹೆಸರಿನಲ್ಲಿತ್ತು. ಎರಡೇ ಕೋಣೆ, ಮುಂದೆ ಮನೆಗಿಂತ ದೊಡ್ಡ ಅಂಗಳ.

"ಅತ್ತೇ, ಈ ಸಲ ಒಂದು ಮಾತು ಕೊಡಿ" ಅಂದ ಭಾವ. "ಈ ಮಳೆಗಾಲದಲ್ಲಿ ನೀರು ಹೊಸ್ತಿಲು ದಾಟಿ ಒಳಗೆ ಬಂತೋ, ಗಂಟುಮೂಟೆ ಕಟ್ಕೊಂಡು ಇಲ್ಲಿಗೆ ಬಂದುಬಿಡಬೇಕು. ಖಾಯಂ. ಆ ಮನೆ ಕೆಡವಿ ಮೂರಂತಸ್ತು ಎಬ್ಬಿಸ್ತೀನಿ. ಕೆಳಗೆ ಅಂಗಡಿ, ಮೇಲೆ ಬಾಡಿಗೆ."

"ನೀರು ಬರಲಿಲ್ಲ ಅಂದ್ರೆ?" ಅಂದರು ಅತ್ತೆ.

"ಬರಲಿಲ್ಲ ಅಂದ್ರೆ ಆ ಮನೆ ಸುದ್ದಿ ನಾನು ಜನ್ಮದಲ್ಲಿ ಎತ್ತಲ್ಲ."

ಅತ್ತೆ ನೆಲ ನೋಡಿದರು. ಹಿಂದಿನ ಮಳೆಗಾಲದಲ್ಲಿ ನೀರು ನುಗ್ಗಿದಾಗ ಈ ಮನೆಯಲ್ಲಿ ಕೆಲವು ದಿನ ಇದ್ದಿದ್ದರು. ನೆಲ ಎಷ್ಟು ನುಣುಪೆಂದರೆ ಬಚ್ಚಲಿಗೆ ಹೋಗಲೂ ಗೋಡೆ ಹಿಡಿದು ಬಂಡೆ ಹತ್ತುವವರಂತೆ ಹೋಗಬೇಕಿತ್ತು. ಇಲ್ಲಿ ಖಾಯಂ ಇರುವುದೆಂದರೆ ಉಳಿದ ಆಯುಷ್ಯವನ್ನೆಲ್ಲ ಜಾರಿ ಬೀಳದೆ ಕಳೆಯುವುದೇ ಒಂದು ಉದ್ಯೋಗ. ಆದರೆ ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಕೊಟ್ಟು ಅವರಿಗೂ ಸಾಕಾಗಿತ್ತು. "ಹೂಂ" ಅಂದರು.

ಭಾವನಿಗೆ ಅಷ್ಟು ಸಾಕಾಗಿತ್ತು. ಖುಷಿಯಲ್ಲಿ ಷಡ್ಡಕನ ಬೆನ್ನು ತಟ್ಟಿದ. "ಕೊಳ ಹೆಂಗಿದೆ ತಮ್ಮಾ? ನಿನಗೇನಪ್ಪ, ಮಳೆಗಾಲ ಬಂದ್ರೆ ನಡುಮನೇಲೇ ಕೊಳ!"

ಎಲ್ಲರೂ ನಕ್ಕರು. ಭಾವನ ಹೆಂಡತಿ ನಗು ತಡೆಯಲಾರದೆ ಒಳಗೆ ಓಡಿದಳು. ಫಿಲ್ಟರಣ್ಣನ ಹೆಂಡತಿ ಸೆರಗಿನ ತುದಿ ನೋಡುತ್ತಾ ನಿಂತಳು. ಆಗಲೇ ಆ ಮಾತು ಅವನ ಬಾಯಿಂದ ಹೊರಟುಹೋದದ್ದು.

"ನಮ್ಮನೆ ಮುಂದೂ ಕೊಳ ಮಾಡ್ತಿದೀನಿ ಭಾವ. ಅಂಗಳದ ತುಂಬ. ತಾವರೆ ಕೊಳ. ಮಳೆಗಾಲಕ್ಕೆ ಮುಂಚೆ ಬಂದು ನೋಡ್ಕೊಂಡು ಹೋಗಿ."

ಕಾರಂಜಿ ಕೂಡ ಒಂದು ಗಳಿಗೆ ನಿಂತಂತಾಯಿತು. ವಾಸ್ತವವಾಗಿ ಕರೆಂಟು ಹೋಗಿತ್ತು.

ಮನೆಗೆ ಇಳಿದು ಬರುವಾಗ ಹೆಂಡತಿ ಬೀದಿಯ ತಿರುವಿನಲ್ಲಿ ನಿಂತಳು. "ರೀ, ಮನೆಗೆ ನೀರು ನುಗ್ಗಿದ್ರೆ ನಮ್ಮಮ್ಮ ಮನೆ ಕಳ್ಕೋತಾಳೆ. ಅಂಥಾದ್ರಲ್ಲಿ ನೀವು ಬಾಗಿಲಲ್ಲಿ ಕೊಳ ತೋಡ್ತೀರಾ? ಮೇಲಿಂದ ಬರೋ ನೀರಿಗೆ ದಣಿವಾಗಿರುತ್ತೆ, ಒಳಗೆ ಬರೋಕೆ ಮುಂಚೆ ಸ್ವಲ್ಪ ಕೂತು ಸುಧಾರಿಸ್ಕೊಳ್ಳಲಿ ಅಂತಾನಾ?"

"ತಾವರೆ ಕಣೇ..." ಅಂದ ಫಿಲ್ಟರಣ್ಣ.

"ಬಿಡೇ" ಅಂದರು ಅತ್ತೆ. "ಮದುವೆ ಆದಾಗಿಂದ ನಿನ್ನ ಗಂಡ ಏನಾದ್ರೂ ಮಾಡ್ತೀನಿ ಅಂದದ್ದು ಇದೇ ಮೊದಲು. ತೋಡ್ಲಿ. ನಾನೂ ನೋಡ್ತೀನಿ."

ಮರುದಿನ ಬೆಳಿಗ್ಗೆ ಹಾರೆ ಬಿತ್ತು. ಎದುರು ಮನೆಯ ಇಸ್ತ್ರಿ ಮಾಮ ಪೆಟ್ಟಿಗೆಗೆ ಕೆಂಡ ತುಂಬುತ್ತಾ ನೋಡಿದ. ಕೆಳಗಿನ ಬೀದಿಯಲ್ಲಿ ಏನೇ ನಡೆದರೂ ಅದಕ್ಕೊಂದು ಮಾತಿನ ಮಡಿಕೆ ಹಾಕದಿದ್ದರೆ ಅವನಿಗೆ ಬಟ್ಟೆಯ ಮಡಿಕೆ ಸರಿಬರುತ್ತಿರಲಿಲ್ಲ.

"ಏನಣ್ಣಾ, ನಿಧಿನಾ?"

"ಕೊಳ ಮಾಮ."

"ಯಾರನ್ನ ಮುಳುಗಿಸೋಕೆ?"

ಸೊಂಟದಾಳದವರೆಗೆ ನೆಲ ಕಲ್ಲಿನಂತಿತ್ತು. ಹಾರೆ ಹೊಡೆದರೆ ಕಿಡಿ. ಅಂಗೈ ಬೊಬ್ಬೆ ಎದ್ದಿತು. ಒಂದು ಮಧ್ಯಾಹ್ನ ಆ ಗಟ್ಟಿ ಪದರ ಒಡೆದು, ಹಾರೆ ಕೈಜಾರಿದಂತೆ ತಾನಾಗಿಯೇ ಕೆಳಗಿಳಿಯಿತು. ಅಡಿಯಲ್ಲಿ ಸಡಿಲ ಗರಸು ಮಣ್ಣು. 'ಅಬ್ಬ, ಕಷ್ಟ ಮುಗಿಯಿತು' ಎಂದುಕೊಂಡ ಫಿಲ್ಟರಣ್ಣ.

ಇನ್ನು ತಳ. ಕೊಳ ಕಟ್ಟುವವರು ತಳ ಭದ್ರ ಮಾಡುತ್ತಾರೆ. ಜೇಡಿಮಣ್ಣು ಮೆತ್ತುತ್ತಾರೆ, ಇಲ್ಲವೇ ಸಿಮೆಂಟು ಬಳಿಯುತ್ತಾರೆ. ಅದು ಎಮ್ಮೆಗೂ ಗೊತ್ತು. ಆದರೆ ಎಮ್ಮೆ ಬದುಕಿನ ಅರ್ಧ ಭಾಗವನ್ನು ಫಿಲ್ಟರ್ ರಿಪೇರಿಯಲ್ಲಿ ಕಳೆದಿರುವುದಿಲ್ಲ. ಫಿಲ್ಟರಣ್ಣನ ತಲೆಯಲ್ಲಿ ಇದ್ದದ್ದು ಒಂದೇ ಯೋಚನೆ: ಭಾವನ ಕೊಳಕ್ಕಿಂತ ತನ್ನ ಕೊಳದ ನೀರು ತಿಳಿಯಾಗಿರಬೇಕು. ನೀರು ತಿಳಿಯಾಗಬೇಕೆಂದರೆ ಏನು ಮಾಡಬೇಕೆಂದು ಅವನ ಕೈಗೆ ಬಾಯಿಪಾಠವಾಗಿತ್ತು. ತಳಕ್ಕೆ ದಪ್ಪ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ, ಆಮೇಲೆ ಇಸ್ತ್ರಿ ಮಾಮನ ಹತ್ತಿರ ಬೇಡಿ ತಂದ ಇದ್ದಿಲು, ಎಲ್ಲಕ್ಕೂ ಮೇಲೆ ತೊಳೆದು ಒಣಗಿಸಿದ ಮರಳು. ಮರಳನ್ನು ಅಂಗೈಯಿಂದ ನೇವರಿಸಿ ಸಮ ಮಾಡಿ, ಮೇಲೆ ಹತ್ತಿ ಬಂದು, ಸೊಂಟಕ್ಕೆ ಕೈ ಕೊಟ್ಟು ನಿಂತ. ಅಂಥ ಚೆಂದದ ಕೆಲಸವನ್ನು ಅವನು ಯಾವ ಗಿರಾಕಿಗೂ ಮಾಡಿಕೊಟ್ಟಿರಲಿಲ್ಲ.

ಉದ್ಘಾಟನೆಗೆ ಭಾವ ಹೆಂಡತಿ ಸಮೇತ ಕಾರಿನಲ್ಲಿ ಬಂದ. ಟ್ಯಾಂಕರಿನವನು ಪೈಪು ಇಳಿಸಿದ. ಬಕೆಟ್ಟಿನಲ್ಲಿ ತಾವರೆ ಗೆಡ್ಡೆ, ಒಂದು ಮೊಗ್ಗಿನ ಸಮೇತ ಕಾದಿತ್ತು. ಬೀದಿಗೆ ಬೀದಿಯೇ ಕಾಂಪೌಂಡಿಗೆ ಆತುಕೊಂಡಿತ್ತು.

"ಬಿಡಪ್ಪಾ" ಅಂದ ಫಿಲ್ಟರಣ್ಣ.

ನೀರು ಬಿತ್ತು. ಮರಳಿನ ಮೇಲೆ ಹರಡಿತು, ಥಳಥಳ ಹೊಳೆಯಿತು. ಚಪ್ಪಾಳೆ ಬಿತ್ತು. ಫಿಲ್ಟರಣ್ಣ ಮೊಗ್ಗನ್ನು ನಡುವೆ ಇಟ್ಟ. ಅದು ತೇಲಿತು, ಸುತ್ತಿತು, ಸುತ್ತುತ್ತಾ ಸುತ್ತುತ್ತಾ ಕೆಳಗಿಳಿಯಿತು.

"ಜೋರಾಗಿ ಬಿಡಪ್ಪಾ."

"ಇದಕ್ಕಿಂತ ಜೋರು ನಾನೇ ಒಳಗೆ ಹಾರಬೇಕಣ್ಣ" ಅಂದ ಟ್ಯಾಂಕರಿನವನು. ಪೈಪಿನ ಬಾಯಿಯನ್ನೊಮ್ಮೆ, ಗುಂಡಿಯನ್ನೊಮ್ಮೆ ನೋಡಿದ. ಟ್ಯಾಂಕರು ಕೊನೆಗೆ ಕೆಮ್ಮಿ, ಹೂಸುಬಿಟ್ಟು, ಬರಿದಾಯಿತು. ಗುಂಡಿಯಲ್ಲಿ ಬುಳು ಬುಳು ಎಂದು ಒಂದಷ್ಟು ಗುಳ್ಳೆ ಎದ್ದು ಸುಮ್ಮನಾದವು. ಒದ್ದೆ ಮರಳಿನ ಮೇಲೆ ತಾವರೆ ಮೊಗ್ಗು ಆಸ್ಪತ್ರೆಯ ಮಂಚದ ಮೇಲಿನ ರೋಗಿಯಂತೆ ಅಡ್ಡ ಮಲಗಿತ್ತು.

ಕಾಂಪೌಂಡಿಗೆ ಆತುಕೊಂಡಿದ್ದ ಅತ್ತೆ ಬಗ್ಗಿ ಗುಂಡಿಯನ್ನು ಚೆನ್ನಾಗಿ ನೋಡಿದರು. ಜಲ್ಲಿ ನೋಡಿದರು, ಇದ್ದಿಲು ನೋಡಿದರು, ಮರಳು ನೋಡಿದರು.

"ಅಳಿಯಂದ್ರೇ" ಅಂದರು, "ನೀವು ಮಾಡಿರೋದು ಫಿಲ್ಟರ್ರು. ಕೆಳಗೆ ಪಾತ್ರೆ ಇಡೋದು ಮರ್ತಿದೀರಿ."

ಟೈಲ್ಸ್ ಭಾವ ನಗಲು ಶುರುಮಾಡಿದವನು ನಿಲ್ಲಿಸಲಾರದೆ ಕಾರಿನ ಬಾನೆಟ್ಟಿನ ಮೇಲೆ ಒರಗಿದ. "ಗಂಟು ಕಟ್ಟಿಡಿ ಅತ್ತೇ, ಮೊದಲ ಮಳೆಗೇ ಕಾರ್ ಕಳಿಸ್ತೀನಿ" ಎಂದು ಕಣ್ಣೊರೆಸಿಕೊಳ್ಳುತ್ತಾ ಹೋದ.

ನಗೆ ಮುಗಿದ ಮೇಲೆ ಬೀದಿಯವರಿಗೆ ಇನ್ನೊಂದು ಯೋಚನೆ ಹತ್ತಿತು. ಅಷ್ಟು ನೀರು ಹೋಯಿತಾದರೂ ಎಲ್ಲಿಗೆ? ಇಸ್ತ್ರಿ ಮಾಮ ಒಂದು ಕೊಡ ತಂದು ಸುರಿದು, ನೆಲಕ್ಕೆ ಕಿವಿಯಿಟ್ಟ. ಮುಖ ಗಂಭೀರವಾಯಿತು. "ಇಳೀತಾ ಇದೆ" ಎಂದು ಪಿಸುಗುಟ್ಟಿದ. "ಇನ್ನೂ ಇಳೀತಾ ಇದೆ." ಅವನ ಹಿಂದೆ ಇನ್ನೊಬ್ಬರು ಕಿವಿಯಿಟ್ಟರು. ಮಾರನೆಯ ದಿನಕ್ಕೆ ಪಕ್ಕದ ಬೀದಿಯವರೂ ಬಂದರು. ಚೊಂಬಿನಲ್ಲಿ ತಂದವರು ಚೊಂಬು ಸುರಿದರು, ಬಾಟಲಿಯಲ್ಲಿ ತಂದವರು ಬಾಟಲಿ ಸುರಿದರು. ಜೀವಮಾನವಿಡೀ ಆ ನೆಲದ ಮೇಲೆ ಓಡಾಡಿದವರು, ಅದರ ಮೇಲೆ ಉಗಿದವರು, ಜಗಳವಾಡಿದವರು, ಈಗ ಅದಕ್ಕೊಂದು ಗಂಟಲಿದೆ ಎಂದು ತಿಳಿದು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರತೊಡಗಿದರು.

ಅತ್ತೆ ಮಾತ್ರ, "ಹೊಂಡ ಬೋಳಾಗಿದ್ರೆ ನೋಡೋಕಾಗಲ್ಲ" ಎಂದು ಅಂಚಿನಲ್ಲಿ ಕಾಬಾಳೆ ಹೂವಿನ ಗೆಡ್ಡೆ ಹೂಳಿದರು, ನಡುವೆ ಜೊಂಡು ನೆಟ್ಟರು. ಕಾಬಾಳೆ ಎಲೆ ಬಿಚ್ಚುವ ಹೊತ್ತಿಗೆ ಹಿಂದಿನ ಬೀದಿಯವರು ದೂರು ಕೊಟ್ಟಿದ್ದರು: ಇವರು ಕುಡಿಸಿದ ನೀರು ನಮ್ಮ ಪಾಯಕ್ಕೆ ಬರುತ್ತಿದೆ, ನಮ್ಮ ಗೋಡೆ ಬೆವರುತ್ತಿದೆ. ನಗರಸಭೆಯ ಇಂಜಿನಿಯರ್ ಸಾಹೇಬರು ಜೀಪಿನಲ್ಲಿ ಬಂದರು.

"ಏನ್ರೀ ಇದು?"

"ಕೊಳ ಸಾರ್."

"ನೀರೆಲ್ಲಿ?"

"ಕುಡಿದುಬಿಡ್ತು ಸಾರ್."

"ನೀರಿಲ್ಲದ ಮೇಲೆ ಕೊಳ ಹೆಂಗ್ರೀ ಆಗುತ್ತೆ? ಬಾವಿನಾ?"

"ಬಾವೀಲಿ ನೀರು ಮೇಲಕ್ಕೆ ಬರುತ್ತೆ ಸಾರ್. ಇದರಲ್ಲಿ ಕೆಳಕ್ಕೆ ಹೋಗುತ್ತೆ."

"ಹಾಗಾದ್ರೆ ಇದು ಚರಂಡಿ."

"ಚರಂಡಿ ಆಗಿದ್ರೆ ಕಟ್ಕೊಂಡಿರಬೇಕಿತ್ತಲ್ಲ ಸಾರ್?" ಅಂದ ಇಸ್ತ್ರಿ ಮಾಮ ಎದುರಿನಿಂದ.

ಸಾಹೇಬರಿಗೆ ಕೋಪ ಬಂತು. ಕೊಳಕ್ಕೆ ಬೇರೆ ಅನುಮತಿ, ಬಾವಿಗೆ ಬೇರೆ, ಚರಂಡಿಗೆ ಬೇರೆ. ಯಾವುದೂ ಅಲ್ಲದ್ದಕ್ಕೆ ಯಾವ ಅನುಮತಿ ಇಲ್ಲವೆಂದು ಬೈಯುವುದು? ಯೋಚಿಸಿ ಒಂದು ತೀರ್ಮಾನಕ್ಕೆ ಬಂದರು: ಈ ಮನುಷ್ಯ ನೆಲದಡಿಯ ನಗರಸಭೆಯ ಕೊಳವೆಗೆ ಕದ್ದು ತೂತು ಕೊರೆದಿದ್ದಾನೆ. ಕಳ್ಳತನ ಪತ್ತೆಗೆ ಗುಂಡಿಯಲ್ಲಿ ಡ್ರಮ್ಮುಗಟ್ಟಲೆ ಕೆಂಪು ಬಣ್ಣದ ನೀರು ಸುರಿಸಿದರು. ನಲ್ಲಿ, ಮೋರಿ, ಬಾವಿ, ಬಚ್ಚಲು, ಎಲ್ಲಿ ಕೆಂಪು ಕಂಡರೂ ಕೂಗಬೇಕೆಂದು ಊರಿಗೆಲ್ಲ ಮೈಕಿನಲ್ಲಿ ಸಾರಿಸಿದರು.

ಊರು ಕೆಲಸ ಬಿಟ್ಟು ಮೋರಿ ಕಾಯುತ್ತಾ ಕುಳಿತಿತು. ಮಧ್ಯಾಹ್ನದ ಹೊತ್ತಿಗೆ ಬೀದಿಯ ತಲೆಯಿಂದ ಕೂಗು ಬಂತು: "ಕೆಂಪು! ಕೆಂಪು!" ಸಾಹೇಬರು ಓಡಿದರು, ಅವರ ಹಿಂದೆ ಜೀಪಿನ ಡ್ರೈವರು, ಡ್ರೈವರಿನ ಹಿಂದೆ ಬೀದಿ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಪಕ್ಕದ ಮೋರಿಯಲ್ಲಿ ನಿಜಕ್ಕೂ ಕೆಂಪು ಹರಿಯುತ್ತಿತ್ತು. ಬಾಗಿಲು ತಳ್ಳಿ ನುಗ್ಗಿದರೆ, ದವಡೆ ಹಲ್ಲು ಕಿತ್ತಿಸಿಕೊಂಡ ಪೈಲ್ವಾನನೊಬ್ಬ ಬೇಸಿನ್ನಿಗೆ ಉಗಿಯುತ್ತಿದ್ದ.

"ಯಾವಾಗಿಂದ ಬರ್ತಾ ಇದೆ?" ಎಂದು ಗುಡುಗಿದರು ಸಾಹೇಬರು.

"ಈಗ್ಲೇ" ಅಂದ ಪೈಲ್ವಾನ ಬಾಯಲ್ಲಿ ಹತ್ತಿ ಇಟ್ಟುಕೊಂಡು.

ಸಾಹೇಬರು ಡಾಕ್ಟರ ಕಡೆ ತಿರುಗಿದರು. "ಇವರಿಗೂ ಆ ಗುಂಡಿಗೂ ಏನು ಸಂಬಂಧ?"

"ಅವರ ಬಾಯಲ್ಲೇ ಒಂದು ಗುಂಡಿ ಆಗಿದೆ ಸಾರ್, ಮೊದಲು ಅದನ್ನ ಮುಚ್ಚೋಕೆ ಬಿಡಿ" ಅಂದರು ಹಲ್ಲಿನ ಡಾಕ್ಟರು.

ಸಂಜೆಯವರೆಗೂ ಬೇರೆಲ್ಲೂ ಕೆಂಪು ಕಾಣಲಿಲ್ಲ. ಕೊಳವೆಯಲ್ಲಿಲ್ಲ, ಮೋರಿಯಲ್ಲಿಲ್ಲ, ಹಿಂದಿನ ಬೀದಿಯ ಬೆವರುವ ಗೋಡೆಯಲ್ಲೂ ಇಲ್ಲ. ಆ ಗೋಡೆ ಬೆವರುತ್ತಿದ್ದದ್ದು ಅವರದೇ ಬಚ್ಚಲಿನಿಂದ ಎಂದು ಬೇರೆ ಸಾಬೀತಾಯಿತು. ಡ್ರಮ್ಮುಗಟ್ಟಲೆ ಬಣ್ಣವನ್ನು ನೆಲ ನುಂಗಿ, ಬಾಯೊರೆಸಿಕೊಂಡು, ಏನೂ ಆಗದವರಂತೆ ಕುಳಿತಿತ್ತು. ಸಾಹೇಬರು ಗುಂಡಿಯ ಅಂಚಿನಲ್ಲಿ ಬಹಳ ಹೊತ್ತು ನಿಂತರು. ಅವರ ಮುಖದಲ್ಲಿ ಕೋಪ ಹೋಗಿ ಬೇರೇನೋ ಬಂದಿತ್ತು. ಆದರೆ ಕುರ್ಚಿಯ ಮೇಲೆ ಕೂತವರಿಗೆ ಬೆರಗಾದರೆ ಅವರು ಮೊದಲು ಮಾಡುವ ಕೆಲಸ, ಅದನ್ನು ಸಿಮೆಂಟಿನಲ್ಲಿ ಮುಚ್ಚಿಸುವುದು.

"ಕಾಣದ ಜಾಗಕ್ಕೆ ನೀರು ಹೋಗೋದು ಅಪಾಯ" ಎಂದರು. "ಕಾಂಕ್ರೀಟ್ ಹಾಕಿಸಿಬಿಡ್ತೀನಿ."

ಆ ಕೆಲಸ ಟೈಲ್ಸ್ ಭಾವನಿಗೇ ಸಿಕ್ಕಿತು. ಬಡಾವಣೆಯ ನೆಲವನ್ನೆಲ್ಲ ಮುಚ್ಚಿದ ಅನುಭವ ಇನ್ಯಾರಿಗಿದೆ?

ಕಾಂಕ್ರೀಟ್ ಗಾಡಿ ಬಂದ ದಿನ ಬೆಳಗಿನಿಂದಲೇ ಮೋಡ ಹೊಟ್ಟೆ ಜೋಲಿಸಿಕೊಂಡು ಕುಳಿತಿತ್ತು. ಭಾವ ಹುಮ್ಮಸ್ಸಿನಲ್ಲಿದ್ದ. ಇತ್ತ ಗುಂಡಿ ಮುಚ್ಚುವುದು, ಅತ್ತ ಮಳೆ ಬರುವುದು, ಅತ್ತೆಯನ್ನು ಅದೇ ಗಾಡಿಯಲ್ಲಿ ಕೂರಿಸಿಕೊಂಡು ಹೋಗುವುದು. ಒಂದೇ ಬಾಡಿಗೆಯಲ್ಲಿ ಎರಡು ಕೆಲಸ. ಗಾಡಿಯ ಹೊಟ್ಟೆ ಗರಗರ ತಿರುಗುತ್ತಿತ್ತು. ಡ್ರೈವರು ಗೊಣ್ಣೆ ಸುರಿಸುವ ಮೂಗಿನಂಥ, ಕಾಂಕ್ರೀಟ್ ಇಳಿಯುವ ಅದರ ದೋಣಿಯನ್ನು ಗುಂಡಿಯ ಕಡೆ ತಿರುಗಿಸಿದ.

ಅತ್ತೆ ಒಳಗಿಂದ ಪ್ಲಾಸ್ಟಿಕ್ ಕುರ್ಚಿ ತಂದರು. ಫಿಲ್ಟರಣ್ಣನ ಕೈ ಹಿಡಿದು ಗುಂಡಿಗಿಳಿದರು. ಜೊಂಡಿನ ನಡುವೆ ಕುರ್ಚಿ ಊರಿ, ಸೆರಗು ಹೊದ್ದು ಕುಳಿತರು.

"ಸುರೀಪ್ಪಾ" ಅಂದರು ಡ್ರೈವರಿಗೆ. "ತಲೆ ಮೇಲಿಂದಲೇ ಶುರು ಮಾಡು. ಮೇಲೆ ನುಣ್ಣಗೆ ಬರಬೇಕು ನೋಡು, ನಮ್ಮ ದೊಡ್ಡಳಿಯಂದ್ರಿಗೆ ನುಣುಪು ಅಂದ್ರೆ ಇಷ್ಟ."

"ಅಮ್ಮಾ!" ಎಂದು ಕಿರುಚಿದಳು ಫಿಲ್ಟರಣ್ಣನ ಹೆಂಡತಿ.

"ಅತ್ತೇ, ಮರ್ಯಾದೆ ಕಳೀಬೇಡಿ, ಎದ್ದು ಬನ್ನಿ" ಅಂದ ಭಾವ.

"ನಾನೆಲ್ಲಿ ಬರ್ಲಿ? ನೀವೇ ಖಾಯಂ ಮಾಡ್ತೀನಿ ಅಂದ್ರಲ್ಲ, ಇಲ್ಲೇ ಖಾಯಂ ಮಾಡಿ."

ಕೆಲಸ ನೋಡಲು ಬಂದಿದ್ದ ಇಂಜಿನಿಯರ್ ಸಾಹೇಬರು ಅನುಮತಿಯ ವಿಚಾರ ಎತ್ತಿದರು. ವಯಸ್ಸಾದ ಹೆಂಗಸು ಗುಂಡಿಯಲ್ಲಿ ಕುಳಿತರೆ ಅದು ಕೊಳವೋ ಬಾವಿಯೋ ಎಂದು ಇಸ್ತ್ರಿ ಮಾಮ ಕೇಳಿದ. ವಾದ ಕಾವೇರುತ್ತಿರುವಾಗ ಮೊದಲ ಹನಿ ಸಾಹೇಬರ ಕನ್ನಡಕದ ಮೇಲೆ ಬಿತ್ತು. ಎರಡನೆಯದು ಎಲ್ಲರ ಮೇಲೂ ಬಿತ್ತು.

ಆಕಾಶ ಮುಗುಚಿಕೊಂಡಿತು. ಫಿಲ್ಟರಣ್ಣ ಅತ್ತೆಯನ್ನು ಕುರ್ಚಿ ಸಮೇತ ಎತ್ತಿ ಮೇಲೆ ತಂದ. ಸಾಹೇಬರು, ಭಾವ, ಇಸ್ತ್ರಿ ಮಾಮ, ಎಲ್ಲರೂ ದಡಬಡ ಮುಂದಿನ ಕೋಣೆಗೆ ನುಗ್ಗಿದರು. ಅತ್ತೆ ಮಂಚದ ಮೇಲೆ ಕುಳಿತರು. ಯಾರೂ ಹೇಳದಿದ್ದರೂ ಎಲ್ಲರ ಕಣ್ಣು ಹೊಸ್ತಿಲಿಗೆ ಅಂಟಿಕೊಂಡಿತು. ಹೆಂಡತಿ ಒಳಗಿನಿಂದ ಇಟ್ಟಿಗೆ ಎತ್ತಿಕೊಂಡು ಬಂದಳು.

"ಅಲ್ಲೇ ಇಡು" ಅಂದರು ಅತ್ತೆ.

ಮೇಲಿನ ಬಡಾವಣೆಯ ನೀರು ಬಂತು. ಅದು ಬರುವ ಸದ್ದು ಕೆಳಗಿನ ಬೀದಿಗೆ ಗೊತ್ತು. ದೂರದಲ್ಲಿ ಮೆರವಣಿಗೆ ಬಂದಂತೆ. ಒಂಟಿ ಚಪ್ಪಲಿ, ಹಾಲಿನ ಕವರು, ಯಾರದೋ ಮನೆಯ ಕಾಲೊರಸು, ಎಲ್ಲವನ್ನೂ ಹೊತ್ತು ಕಂದು ಬಣ್ಣದ ನೀರು ತಿರುವಿನಲ್ಲಿ ಕಾಣಿಸಿತು. ಕಾಂಪೌಂಡಿನ ಗೇಟು ತಳ್ಳಿತು. ಅಂಗಳಕ್ಕೆ ಕಾಲಿಟ್ಟಿತು.

ಕಾಲಿಟ್ಟದ್ದೇ ತಡ, ತಲೆ ಬಗ್ಗಿಸಿತು. ಅಂಗಳದ ತುಂಬ ಬಾಯಿ ತೆರೆದಿದ್ದ ಗುಂಡಿಯೊಳಗೆ ಸುತ್ತಲಿನಿಂದಲೂ ಇಳಿಯತೊಡಗಿತು. ಕಾಬಾಳೆಗಳು ಸೊಂಟ ಬಾಗಿಸಿದವು, ಜೊಂಡು ಮುಳುಗಿತು. ಗುಂಡಿ ತುಂಬಿತು. ತುಂಬಿ ಅಂಚು ಮೀರಿ ಮನೆಯ ಕಡೆ ಬಂತು. ಕೆಳಗಿನ ಮೆಟ್ಟಿಲು ಮುಳುಗಿತು. ಭಾವ ಕೈ ಕಟ್ಟಿಕೊಂಡ. ಮೇಲಿನ ಮೆಟ್ಟಿಲು ಮುಳುಗಿತು. ಹೆಂಡತಿ ಕಣ್ಣು ಮುಚ್ಚಿದಳು. ನೀರು ಹೊಸ್ತಿಲಿನ ಮರವನ್ನು ಮುಟ್ಟಿ, ನಾಲಗೆ ಚಾಚಿ ಒಮ್ಮೆ ನೆಕ್ಕಿ, ಒಂದು ಒಣ ಎಲೆಯನ್ನು ಅಲ್ಲಿಟ್ಟು ನಿಂತಿತು.

ನಿಂತೇ ಇತ್ತು. ಹೊರಗೆ ಮಳೆ ಹೊಡೆಯುತ್ತಿತ್ತು, ಮೇಲಿನಿಂದ ನೀರು ಬರುತ್ತಲೇ ಇತ್ತು, ಆದರೂ ಹೊಸ್ತಿಲಿನ ನೀರು ಏರಲಿಲ್ಲ. ಬರುವಷ್ಟನ್ನು ಅಡಿಯಲ್ಲಿ ಯಾರೋ ಕುಡಿಯುತ್ತಿದ್ದರು. ಗುಂಡಿಯ ನಡುವೆ ಸಣ್ಣ ಸುಳಿಯೊಂದು ಎದ್ದಿತು. ಆಮೇಲೆ ಆ ಸದ್ದು ಕೇಳಿಸಿತು. ಗುಡುಗಿಗಿಂತ ಮೆಲ್ಲಗೆ, ಆದರೆ ಪಾದದ ಮೂಲಕ ಮೈಗೆ ಹತ್ತುವಂಥ ಸದ್ದು. ಬಹಳ ದಿನ ಬಾಯಾರಿದ್ದ ಜೀವವೊಂದು ಪಾತ್ರೆಯಿಂದ ತುಟಿ ತೆಗೆಯದೆ ಕುಡಿಯುವ ಸದ್ದು. ಮೇಲಿನ ಮೆಟ್ಟಿಲು ಮತ್ತೆ ಕಂಡಿತು. ಕೆಳಗಿನದು ಕಂಡಿತು. ಕಾಬಾಳೆ ಒಂದೊಂದೇ ತಲೆಯೆತ್ತಿ ನೀರು ಕೊಡವಿಕೊಂಡ ಹೊತ್ತಿಗೆ ಮಳೆಯೂ ದಣಿದಿತ್ತು.

ಇಸ್ತ್ರಿ ಮಾಮನಿಗೂ ಮಾತು ಸಿಗಲಿಲ್ಲ. ಆ ಬೀದಿಯಲ್ಲಿ ಅದೂ ಒಂದು ಪವಾಡವೇ. ಒಬ್ಬೊಬ್ಬರಾಗಿ ಹೊರಗೆ ಬಂದು ಗುಂಡಿಯ ಸುತ್ತ ನಿಂತರು. ಮರಳಿನ ಮೇಲೆ ಮೇಲಿನ ಬಡಾವಣೆಯ ಕೆಸರು ತೆಳ್ಳಗೆ ಕೂತಿತ್ತು. ನೀರಿರಲಿಲ್ಲ. ಫಿಲ್ಟರಣ್ಣ ಬಾಯಿ ತೆರೆದುಕೊಂಡು ನಿಂತಿದ್ದ. ತಾನು ಮಾಡಿದ್ದು ಏನು ಎಂಬುದು ಎಲ್ಲರಿಗಿಂತ ಕಡಿಮೆ ಅರ್ಥವಾದದ್ದು ಅವನಿಗೇ.

"ಮಳೆತೋಟ" ಅಂದರು ಇಂಜಿನಿಯರ್ ಸಾಹೇಬರು, ಪಿಸುದನಿಯಲ್ಲಿ. "ಮಳೆ ನೀರನ್ನ ನೆಲಕ್ಕೆ ಇಂಗಿಸೋ ಇಂಥದ್ದಕ್ಕೆ ಮಳೆತೋಟ ಅಂತಾರೆ. ನಮಗೆ ಟ್ರೈನಿಂಗಿನಲ್ಲಿ ತೋರಿಸಿದ್ರು."

"ಮತ್ತೆ ಮೊದಲೇ ಹೇಳಬಾರದಿತ್ತಾ ಸಾರ್?" ಅಂದ ಫಿಲ್ಟರಣ್ಣ.

"ಊಟ ಆದ ಮೇಲೆ ತೋರಿಸಿದ್ರು ಕಣ್ರೀ. ನಿದ್ದೆ ಬಂದಿತ್ತು."

ಗೇಟಿನಾಚೆಯಿಂದ ಕಾಂಕ್ರೀಟ್ ಗಾಡಿಯವನು ಅರಚಿದ, "ಸಾರ್, ಒಳಗೆ ಗಟ್ಟಿಯಾಗ್ತಾ ಇದೆ! ಬೇಗ ಹೇಳಿ, ಎಲ್ಲಿ ಸುರೀಲಿ?"

ಅತ್ತೆ ಸಾಹೇಬರ ಮುಖವನ್ನೂ ಭಾವನ ಮುಖವನ್ನೂ ನೋಡಿದರು. "ಯಾರು ಮೊದಲು ಬಾಯಿ ತೆಗೀತಾರೋ ನೋಡ್ಕೊಂಡು ಸುರಿ" ಅಂದರು.

ಭಾವ ಬಾಯಿ ತೆಗೆಯದೇ ಇರುವವನಲ್ಲ. "ಇದು ಒಂದು ಮಳೆ ಅಷ್ಟೇ ಅತ್ತೆ. ಮಳೆಗಾಲ ಪೂರ್ತಿ ಬಾಕಿ ಇದೆ. ಹೊಸ್ತಿಲಿಗೆ ಬಂದಿತ್ತಲ್ಲ ನೀರು? ಮುಂದಿನ ಸಲ ದಾಟುತ್ತೆ."

ಎಲ್ಲರೂ ಸಾಹೇಬರ ಕಡೆ ನೋಡಿದರು. ಎಚ್ಚರವಾಗಿದ್ದ ಸಾಹೇಬರು ಮೊದಲ ಬಾರಿಗೆ ನಿಜ ಹೇಳಿದರು. "ದಾಟಬಹುದು. ಮೇಲೆ ಅಷ್ಟು ದೊಡ್ಡ ಬಡಾವಣೆ. ಅಲ್ಲಿ ಒಂದು ಹನಿಯೂ ಇಂಗಲ್ಲ. ಇದೊಂದೇ ಹೊಂಡ ಎಷ್ಟೂಂತ ಕುಡಿದೀತು? ಮೇಲೆಯೇ ಅಲ್ಲಲ್ಲಿ ಇಂಥದ್ದು ಇದ್ರೆ..." ಎಂದು ಟೈಲ್ಸ್ ಭಾವನನ್ನು ನೋಡಿ ಅಲ್ಲಿಗೇ ನಿಲ್ಲಿಸಿ, ಕಾಂಕ್ರೀಟ್ ಗಾಡಿಗೆ ವಾಪಸು ಹೋಗುವಂತೆ ಕೈ ಬೀಸಿದರು.

ಮರುದಿನ ಬೆಳಿಗ್ಗೆ ಅತ್ತೆ ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು, ಮೇಲಿನ ಮನೆಗೆ ಹೊರಟರು. ಹೆಂಡತಿ ಅಳುತ್ತಾ ಅಡ್ಡ ನಿಂತಳು. "ನೀರು ಒಳಗೆ ಬರಲೇ ಇಲ್ವಲ್ಲಮ್ಮಾ! ಸೋತವಳ ಹಾಗೆ ಯಾಕೆ ಹೋಗ್ತೀಯ?"

"ಗಂಟು ಎಲ್ಲಿದೆ ನನ್ನ ಕೈಲಿ? ಸರಿಯಾಗಿ ನೋಡು."

ಕೈಯಲ್ಲಿದ್ದದ್ದು ಹಾರೆ. ಭಾರ ಹೊರಲಾರದೆ ನೆಲಕ್ಕೆ ಊರಿಕೊಂಡು ಹೊರಟಿದ್ದರು. ಫಿಲ್ಟರಣ್ಣ ಓಡಿಹೋಗಿ ಹಾರೆ ಹೆಗಲಿಗೇರಿಸಿಕೊಂಡ. ಇಸ್ತ್ರಿ ಮಾಮ ಪೆಟ್ಟಿಗೆಯ ಕೆಂಡ ಆರಿಸಿ ಗುದ್ದಲಿ ತಂದ. ಹಲ್ಲಿನ ಡಾಕ್ಟರು ಕ್ಲಿನಿಕ್ಕಿಗೆ ಬೀಗ ಹಾಕಿದರು; ಕೀಳುವ ಕೆಲಸ ಎಂದರೆ ಅವರಿಗೂ ಒಂದು ಕೈ ನೋಡುವ ಆಸೆ. ಇಷ್ಟು ವರ್ಷ ನೀರು ಇಳಿದು ಬಂದ ದಾರಿಯಲ್ಲಿ ಮೊದಲ ಸಲ ಬೀದಿ ಮೇಲಕ್ಕೆ ಹರಿಯಿತು. ಬಡಾವಣೆಯ ಬಾಲ್ಕನಿಗಳಲ್ಲಿ ಕಾಫಿ ಲೋಟಗಳು ಅರ್ಧ ದಾರಿಯಲ್ಲಿ ನಿಂತವು.

ಭಾವ ಬನಿಯನ್ನಿನಲ್ಲೇ ಹೊರಗೆ ಬಂದ. ಹಾರೆ ನೋಡಿ ಅಂಗಳಕ್ಕೆ ಅಡ್ಡ ಕೈ ಚಾಚಿದ. "ಅತ್ತೇ! ಇದು ಹೊರದೇಶದ ಟೈಲ್ಸು!"

"ಇರಲಿ ಅಳಿಯಂದ್ರೇ. ನೀರು ಇದೇ ದೇಶದ್ದು. ನಿಮ್ಮ ಮನೆ ನೀರನ್ನ ಇಷ್ಟು ವರ್ಷ ನಾನು ಎತ್ತಿ ಚೆಲ್ಲಿದೀನಿ. ಒಂದಿನಾನೂ ಕೂಲಿ ಕೇಳಿಲ್ಲ. ಇನ್ಮೇಲೆ ನಿಮ್ಮ ಮನೆ ನೀರು ನಿಮ್ಮ ಮನೆ ಕುಡೀಲಿ." ಕಿರಿಯಳಿಯನ ಕಡೆ ತಿರುಗಿದರು. "ಹೊಡೀರಿ."

ಫಿಲ್ಟರಣ್ಣ ಭಾವನ ಮುಖ ನೋಡಿದ, ಅತ್ತೆಯ ಮುಖ ನೋಡಿದ, ಯಾವುದಕ್ಕೆ ಹೆಚ್ಚು ಹೆದರಬೇಕೆಂದು ಅಳೆದು ನೋಡಿ ಹಾರೆ ಎತ್ತಿದ. ಸಂದಿಗೆ ಹಾರೆಯ ಮೂತಿ ತೂರಿಸಿ ಮೀಟಿದ. ಟೈಲ್ಸು ಕಿರುಗುಟ್ಟಿ, ಎದ್ದು, ಮಗುಚಿ ಬಿತ್ತು.

ಎಲ್ಲರೂ ಬಗ್ಗಿದರು.

ಅಡಿಯಲ್ಲಿ ಮಣ್ಣಿತ್ತು. ಬೂದಿಯಂತೆ ಬಿಳಿಚಿಕೊಂಡ, ಬಿರುಕುಬಿಟ್ಟ, ಒಣ ಮಣ್ಣು. ಹಿಂದಿನ ದಿನ ಆಕಾಶವೇ ಮುಗುಚಿ ಬಿದ್ದಿತ್ತು, ಕೆಳಗಿನ ಬೀದಿಯಲ್ಲಿ ಹೊಸ್ತಿಲವರೆಗೆ ನೀರು ನಿಂತಿತ್ತು. ಇಲ್ಲಿ ಒಂದು ಬೆರಳು ದಪ್ಪದ ಟೈಲ್ಸಿನ ಕೆಳಗೆ ಒಂದು ಹನಿಯ ಗುರುತೂ ಇಲ್ಲ.

ಟೈಲ್ಸ್ ಭಾವ ಮೊಣಕಾಲೂರಿದ. ತನ್ನ ಮನೆಯ ಮಣ್ಣನ್ನು ಅವನು ನೋಡಿ ಎಷ್ಟು ಕಾಲವಾಗಿತ್ತೋ. ಒಂದು ಚಿಟಿಕೆ ಎತ್ತಿ ಬೆರಳ ನಡುವೆ ಉಜ್ಜಿದ. ಅದು ಹೊಗೆಯಂತೆ ಹಾರಿಹೋಯಿತು.

"ನಿನ್ನೆ ಅಷ್ಟು ಮಳೆ ಬಂತಲ್ಲ ಅತ್ತೇ..." ಅಂದ. ದನಿ ಅವನದೆಂದು ಅವನ ಹೆಂಡತಿಗೇ ಗುರುತು ಹತ್ತಲಿಲ್ಲ.

"ಬಂತು" ಅಂದರು ಅತ್ತೆ. "ಇದಕ್ಕೆ ಯಾರೂ ಹೇಳಿಲ್ಲ."

ಸಾಲು ಸಾಲು ಹೊಳೆಯುವ ಅಂಗಳಗಳ ಕಡೆ ಒಮ್ಮೆ ನೋಡಿ, ಅವೆಲ್ಲದರ ಕೆಳಗೂ ಹೀಗೇ ಕಾದು ಕುಳಿತಿರಬಹುದಾದದ್ದನ್ನು ನೆನೆದು, ಇಸ್ತ್ರಿ ಮಾಮ ತಲೆಯ ಮೇಲಿನ ವಸ್ತ್ರ ತೆಗೆದ. ಫಿಲ್ಟರಣ್ಣನ ಕೈಯಲ್ಲಿ ಹಾರೆ ಹಾಗೇ ನಿಂತಿತ್ತು. ಮುಂದಿನದಕ್ಕೆ ಕೈ ಏಳಲಿಲ್ಲ.

ಭಾವ ಎದ್ದ. ಬನಿಯನ್ನಿಗೆ ಕೈ ಒರೆಸಿಕೊಂಡು ಷಡ್ಡಕನ ಕೈಯಿಂದ ಹಾರೆ ಕಿತ್ತುಕೊಂಡ. ಹೊಡೆಯಲು ಬಂದನೇನೋ ಎಂದು ಫಿಲ್ಟರಣ್ಣ ಎರಡು ಹೆಜ್ಜೆ ಹಿಂದೆ ಸರಿದ.

"ನೀನು ಹಾಗೆಲ್ಲ ಮಧ್ಯಕ್ಕೆ ಹೊಡೆದ್ರೆ ಸಂಜೆ ತನಕ ಏಳಲ್ಲ ತಮ್ಮಾ" ಅಂದ ಭಾವ, ಮೂಲೆಯ ಕಡೆ ನಡೆಯುತ್ತಾ. "ಇಲ್ಲಿ ಮೀಟಬೇಕು. ಇಡೀ ಬಡಾವಣೇಲಿ ಎಲ್ಲೆಲ್ಲಿ ಸಿಮೆಂಟ್ ಕಮ್ಮಿ ಹಾಕಿದೀನಿ ಅಂತ ನನಗೊಬ್ಬನಿಗೇ ಗೊತ್ತು."